ಮೇಷ್ಟ್ರು ಬರೆದ ಹದಿನೈದು ಜೋಡಿ

ನಮ್ಮ ಗಣಿತದ ಮೇಷ್ಟ್ರ ಎಡಗೈ ಕಿರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತಂತೆ. ಏನನ್ನಾದರೂ ಎಣಿಸುವಾಗ ಹೆಬ್ಬೆರಳನ್ನು ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಓಡಿಸುವುದು ಅವರ ಅಭ್ಯಾಸ. ಹನ್ನೊಂದು ಮುಗಿದು ಹನ್ನೆರಡಕ್ಕೆ ಬಂದಾಗ ಆ ಹೆಬ್ಬೆರಳು ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮತ್ತೆ ತೋರುಬೆರಳಿಗೆ ಹಿಂದಿರುಗುತ್ತಿತ್ತು. ಹಿಂದಿನ ಬೆಂಚಿನವರು "ಮೇಷ್ಟ್ರ ಡಜನ್ನಿಗೆ ಹನ್ನೊಂದೇ" ಎಂದು ನಗುತ್ತಿದ್ದರು. ಅದು ಒಂದು ದಿನ ಅವರ ಕಿವಿಗೆ ಬಿತ್ತು.

"ಬಾಳೇಹಣ್ಣು ಮಾರೋಕೆ ಹೋಗಿದ್ರೆ ಒಳ್ಳೆ ಲಾಭ ಆಗ್ತಿತ್ತು ಕಣ್ರೋ. ನಿಮಗೆ ಪಾಠ ಹೇಳೋಕೆ ಬಂದು ಕೆಟ್ಟೆ," ಎಂದರು. ಅಷ್ಟೇ ಹೇಳಿ ಬೋರ್ಡಿನ ಕಡೆ ತಿರುಗಿದರು.

ಅವರು ತೀರಿಕೊಂಡು ತಿಂಗಳಾಗುತ್ತ ಬಂತು. ನಾನು ಬರೆಯುವುದರಲ್ಲಿ ಪಳಗಿದವನಲ್ಲ. ಮೆಟ್ರಿಕ್ಯುಲೇಷನ್ ಮುಗಿಸಿ, ಕಚೇರಿಯಲ್ಲಿ ಗುಮಾಸ್ತೆಯಾಗಿ ಕಾಗದ ಪತ್ರಗಳ ನಕಲು ತೆಗೆಯುವವನು. ಆದರೂ ಬರೆಯಲು ಕೂತಿದ್ದೇನೆ. ಅವರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಆ ಸುಳ್ಳನ್ನು ನಂಬಿ ಅವರು ಎಂಟು ವರ್ಷ ತಮ್ಮದಲ್ಲದ ತಪ್ಪೊಂದನ್ನು ಹುಡುಕುತ್ತಿದ್ದರು. ಅವರ ವಿಷಯ ಹೇಳುವಾಗ ಇದನ್ನು ಬಿಟ್ಟು ಹೇಳಲಾರೆ.

ಅವರು ಪ್ಲೇಗಿನ ಕಾಲದಲ್ಲಿ ಪೇಟೆಯ ಮನೆ ಬಿಟ್ಟು ಹೊಸದಾಗಿ ಎದ್ದ ಬಸವನಗುಡಿಗೆ ಬಂದವರು. ಸಣಕಲು ಮೈ, ಕೊರಳವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಬಲಗಡೆಯ ಜೇಬಿನ ಬಾಯಿಗೆ ಯಾವಾಗಲೂ ಸೀಮೆಸುಣ್ಣದ ಬಿಳಿ. ದಿನವೂ ಚಾಮರಾಜಪೇಟೆಯ ಶಾಲೆಗೆ ನಡೆದೇ ಬರುತ್ತಿದ್ದರು. ಅಂಕಗಣಿತ, ಬೀಜಗಣಿತ ಎಲ್ಲವನ್ನೂ ಹೇಳಿಕೊಡುತ್ತಿದ್ದರು, ಆದರೆ ಒಂದು ಅಧ್ಯಾಯವೆಂದರೆ ಅವರಿಗೆ ಹಬ್ಬ. ಪುಸ್ತಕದಲ್ಲಿ ಅದಕ್ಕೆ ಪರ್ಮ್ಯುಟೇಷನ್, ಕಾಂಬಿನೇಷನ್ ಎಂದು ಹೆಸರು. ಅವರು "ಎಣಿಕೆಯ ಪಾಠ" ಎನ್ನುತ್ತಿದ್ದರು. ಇಷ್ಟು ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು, ಇಷ್ಟು ಜನರಲ್ಲಿ ಇಷ್ಟು ಜನರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು, ಇಂಥವು. ಸೂತ್ರವನ್ನು ಮಾತ್ರ ಬೇಗ ಕೊಡುತ್ತಿರಲಿಲ್ಲ. ಮೊದಲು ಮೂರು ವಸ್ತು ಇಟ್ಟುಕೊಂಡು ಎಲ್ಲ ಬಗೆಯನ್ನೂ ಸ್ಲೇಟಿನ ಮೇಲೆ ಬರೆಯಬೇಕು. ಬರೆದಾದ ಮೇಲೆ ಅವರ ಎರಡು ಪ್ರಶ್ನೆಗಳು ಬರುತ್ತಿದ್ದವು: "ಯಾವುದು ಎರಡು ಸಲ ಬಂತು? ಯಾವುದು ಬಿಟ್ಟುಹೋಯ್ತು?"

ಒಂದು ದಿನ ಬೋರ್ಡಿನ ಮೇಲೆ ಆರು ಬಾಳೆ ಎಲೆಗಳನ್ನು ಸಾಲಾಗಿ ಬರೆದರು.

"ಆರು ಜನ ಊಟಕ್ಕೆ ಕೂರ್ತಾರೆ. ಅದರಲ್ಲಿ ಇಬ್ಬರಿಗೆ ಮಾತಿಲ್ಲ, ಅಕ್ಕಪಕ್ಕ ಕೂರಲ್ಲ. ಎಷ್ಟು ಬಗೆಯಲ್ಲಿ ಕೂರಿಸ್ತೀರಿ?"

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಎದ್ದುನಿಂತ. "ಯಾಕೆ ಮಾತಿಲ್ಲ ಸಾರ್?"

"ನಿನಗ್ಯಾಕಯ್ಯ ಅದು? ಗದ್ದೆ ಬದುವಿನ ಜಗಳ ಅಂತ ಇಟ್ಕೋ."

"ಹಂಗಾದ್ರೆ ಊಟಕ್ಕೇ ಬರಲ್ಲ ಸಾರ್."

"ಬರ್ತಾರೆ. ಹೋಳಿಗೆ ಇದೆ."

ತರಗತಿ ನಕ್ಕು ಮುಗಿಸುವವರೆಗೆ ಕಾದರು. ಆಮೇಲೆ ಹೇಳಿದರು: "ದೂರ ದೂರ ಕೂರಿಸೋ ಬಗೆ ಎಣಿಸೋಕೆ ಹೋದ್ರೆ ಒದ್ದಾಡ್ತೀರಿ. ಇಬ್ಬರನ್ನೂ ಹಗ್ಗ ಹಾಕಿ ಕಟ್ಟಿ, ಒಬ್ಬರೇ ಅನ್ಕೊಳ್ಳಿ. ಈಗ ಐದು ಜನ. ಐದು ಜನಕ್ಕೆ ನೂರಿಪ್ಪತ್ತು ಬಗೆ. ಕಟ್ಟಿದ ಇಬ್ಬರಲ್ಲಿ ಎಡಗಡೆ ಇವನೋ ಅವನೋ, ಅದಕ್ಕೆ ಎರಡರಷ್ಟು, ಇನ್ನೂರ ನಲವತ್ತು. ಜಗಳ ಆಗೋ ಊಟ ಅಷ್ಟು. ಒಟ್ಟು ಏಳುನೂರ ಇಪ್ಪತ್ತರಲ್ಲಿ ಅದನ್ನ ಕಳೀರಿ. ನಾನೂರ ಎಂಬತ್ತು. ಬೇಡದ್ದನ್ನ ಎಣಿಸಿ ಕಳೆಯೋದು ಎಷ್ಟೋ ಸಲ ಸುಲಭ."

ನನಗೆ ಯಾವುದೂ ಸುಲಭವಾಗಿರಲಿಲ್ಲ. ಕಾಲುವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದೆ. ಅವರು ಬೈಯಲಿಲ್ಲ. ಸಂಜೆ ಮನೆಗೆ ಬಾ ಎಂದರು. ಅವರ ಮನೆಯ ಜಗಲಿಯ ಮೇಲೆ ಹುಣಿಸೇಬೀಜ ಹರಡಿಕೊಂಡು, ಅವಕ್ಕೆ ಸುಣ್ಣದಿಂದ ಗುರುತು ಹಾಕಿ, ಜೋಡಿಸಿ ಕೆಡಿಸಿ ಜೋಡಿಸಿ, ಮೂರು ತಿಂಗಳು ಕಳೆದೆ. ಮೇಷ್ಟ್ರ ಹೆಂಡತಿ ಒಳಗಿನಿಂದ, "ಆ ಮಗೂಗೆ ತಿನ್ನೋಕಾದ್ರೂ ಕೊಡಬಾರದೇ, ಬರೀ ಬೀಜ ಕೊಟ್ಟು ಕೂರಿಸಿದ್ದೀರಲ್ಲ," ಎಂದು ಚಕ್ಕುಲಿ ತಂದಿಡುತ್ತಿದ್ದರು. ನಾನು ತೇರ್ಗಡೆಯಾದದ್ದು, ಗುಮಾಸ್ತೆಯಾದದ್ದು, ಈಗ ನನ್ನ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯುವುದು ಆ ಜಗಲಿಯಿಂದ.

ಅವರು ಎಂಥ ಮನುಷ್ಯ ಎನ್ನುವುದಕ್ಕೆ ಹಾರದ ಸಂಗತಿ ಹೇಳಬೇಕು. ಐದು ಬಗೆಯ ಹೂವು, ಒಂದೊಂದೇ. ದುಂಡಗೆ ಹಾರ ಕಟ್ಟಿದರೆ ಎಷ್ಟು ಹಾರ? ಇದು ಪುಸ್ತಕದಲ್ಲಿದ್ದ ಲೆಕ್ಕ. ಸಾಲಾಗಿಟ್ಟರೆ ನೂರಿಪ್ಪತ್ತು ಬಗೆ. ದುಂಡಗೆ ಕಟ್ಟಿದರೆ ಮೊದಲು ಕೊನೆ ಇಲ್ಲವಾದ್ದರಿಂದ ಐದರಿಂದ ಭಾಗಿಸಿ ಇಪ್ಪತ್ತನಾಲ್ಕು. ಹಾರವನ್ನು ಮಗುಚಿದರೂ ಅದೇ ಹಾರ, ಆದ್ದರಿಂದ ಅದರಲ್ಲಿ ಅರ್ಧ, ಹನ್ನೆರಡು. ಪುಸ್ತಕದ ಉತ್ತರ ಅದೇ. ಒಂದು ಬೆಳಿಗ್ಗೆ ಅವರ ಜೊತೆ ಶಾಲೆಗೆ ನಡೆದು ಬರುತ್ತಿದ್ದೆ. ಬಸವನ ಗುಡಿಯ ದಾರಿಯಲ್ಲಿ ಹೂವು ಮಾರುವ ಹೆಂಗಸೊಬ್ಬಳು ಕೂರುತ್ತಿದ್ದಳು. ಮೇಷ್ಟ್ರು ಅವಳ ಬುಟ್ಟಿಯ ಮುಂದೆ ನಿಂತು ಅದೇ ಲೆಕ್ಕ ಕೇಳಿದರು.

"ಒಂದೊಂದೇ ಹೂವಿಗೆ ಹಾರ ಆಗ್ತದಾ ಸ್ವಾಮಿ? ಗೊಂಬೆ ಮದುವೇಗಾ?" ಎಂದಳು.

"ಗೊಂಬೆ ಮದುವೆಗೇ ಅನ್ನು. ಒಂದು ಹಾರ ಕಟ್ಟಿದೆ. ಅದನ್ನ ಮಗುಚಿ ಹಾಕಿದ್ರೆ ಬೇರೆ ಹಾರಾನಾ, ಅದೇ ಹಾರಾನಾ?"

"ಮಗುಚಿ ಹಾಕೋದುಂಟಾ? ಗಂಟೆಲ್ಲ ಹಿಂದಕ್ಕಿರ್ತದೆ. ದೇವರ ಎದೆ ಮೇಲೆ ಗಂಟು ಕಾಣಿಸಿದ್ರೆ ಪೂಜಾರಪ್ಪ ನನ್ ಮಖಕ್ಕೇ ಎಸೀತಾನೆ. ಹಾರಕ್ಕೆ ಹಿಂದು ಮುಂದು ಇಲ್ವಾ? ಏನ್ ಮೇಷ್ಟ್ರೋ ನೀವು."

ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. ಆ ದಿನ ತರಗತಿಗೆ ಬಂದವರೇ ಹೇಳಿದರು: "ಇಷ್ಟು ವರ್ಷ ಹನ್ನೆರಡು ಅಂತ ಹೇಳಿಕೊಟ್ಟೆ. ಮಣಿಸರಕ್ಕಾದ್ರೆ ಹನ್ನೆರಡು ಸರಿ. ಹೂವಿನ ಹಾರಕ್ಕೆ ಗಂಟಿನ ಕಡೆ ಅಂತ ಒಂದಿದೆ, ಮಗುಚೋ ಹಾಗಿಲ್ಲ, ಇಪ್ಪತ್ತನಾಲ್ಕು. ತಪ್ಪು ನನ್ನದು. ಎಣಿಸೋಕೆ ಮುಂಚೆ ಯಾವುದನ್ನ ಒಂದೇ ಅಂತೀವಿ, ಯಾವುದನ್ನ ಬೇರೆ ಅಂತೀವಿ, ಅದನ್ನ ತೀರ್ಮಾನ ಮಾಡ್ಕೋಬೇಕು. ನಾನು ಮಾಡ್ಕೊಂಡಿರಲಿಲ್ಲ." ಹೂವಾಡಗಿತ್ತಿ ತಿದ್ದಿದಳು ಎಂದು ಹೇಳುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ. ಶಾಲೆಯ ಬೇರೆ ಮೇಷ್ಟ್ರುಗಳು ಹಿಂದಿನಿಂದ ಆಡಿಕೊಂಡರು.

ತಪ್ಪು ನನ್ನದು ಎನ್ನಲು ಅವರಿಗೆ ಒಂದು ಗಳಿಗೆಯೂ ಬೇಕಿರಲಿಲ್ಲ. ಅದೇ ನನಗೆ ಮುಂದೆ ಅನುಕೂಲವಾಯಿತು.

ಯುದ್ಧ ಮುಗಿಯುವ ಹೊತ್ತಿಗೆ ಊರಿಗೆ ದೊಡ್ಡ ಜ್ವರ ಬಂತು. ಇನ್‌ಫ್ಲುಯೆಂಜಾ ಎಂದರು. ಶಾಲೆ ಕಚೇರಿಗಳು ಮುಚ್ಚಿದವು. ಚಾಮರಾಜಪೇಟೆಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಎಲ್ಲರೂ ಮಲಗಿದ್ದರು. ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಆರು ಜನರನ್ನು ಕರೆಸಿದರು. ಶಾಲೆಯ ಹತ್ತಿರದ ಮೂರು ಓಣಿಗಳಿಗೆ ದಿನವೂ ಗಂಜಿ, ಔಷಧ ತಲುಪಿಸಬೇಕು, ಮನೆಗಳಲ್ಲಿ ಯಾರು ಹೇಗಿದ್ದಾರೆ ನೋಡಬೇಕು. ಆರು ಜನರಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಇದ್ದೆವು.

ಆ ದಿನ ಜಗಲಿಯ ಮೇಲೆ ಅವರು ಒಂದು ಪಟ್ಟಿ ತೋರಿಸಿದರು.

"ಒಬ್ಬೊಬ್ಬರೇ ಹೋಗಬಾರದು, ಜೋಡಿಯಾಗಿ ಹೋಗಿ. ಆರು ಜನರಲ್ಲಿ ಹದಿನೈದು ಜೋಡಿ ಆಗತ್ತೆ. ದಿನಕ್ಕೆ ಮೂರು ಜೋಡಿ, ಓಣಿಗೊಂದು. ಐದು ದಿನಕ್ಕೆ ಹದಿನೈದೂ ಮುಗಿಯತ್ತೆ, ಒಂದು ಜೋಡಿಯೂ ಎರಡು ಸಲ ಬರಲ್ಲ. ಇದನ್ನ ಕೂರಿಸೋಕೆ ಎರಡು ಹಗಲು ಹಿಡೀತು. ಮೊದಲನೇ ಓಣಿ ನೋಡಿ, ಮೂರು ದಿನಕ್ಕೆ ನಿಮ್ಮ ಆರು ಜನರ ಕಣ್ಣೂ ಅದರ ಮೇಲೆ ಬೀಳತ್ತೆ."

"ದಿನಾ ಅದೇ ಇಬ್ರು ಅದೇ ಓಣಿಗೆ ಹೋದ್ರೆ ಏನಾಗತ್ತೆ ಸಾರ್?" ಎಂದ ಗೆಳೆಯ. "ಮನೆಗಳೂ ಪರಿಚಯ ಆಗ್ತವೆ."

"ಪರಿಚಯ ಆದ್ರೆ ನೋಡೋದು ಬಿಡ್ತೀರಿ. ನಿನ್ನೆ ಕಂಡದ್ದನ್ನೇ ಇವತ್ತೂ ಕಂಡೆ ಅನ್ಕೋತೀರಿ. ದಿನಾ ಹೊಸ ಕಣ್ಣು ಹೋಗಬೇಕು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: "ಪ್ಲೇಗಿನಲ್ಲಿ ನಮ್ಮಣ್ಣ ಪೇಟೆ ಮನೇಲಿ ಒಬ್ಬನೇ ಹೋದ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಇಲ್ಲಿ ಹಾಗೆ ಒಬ್ಬರೂ ಹೋಗಬಾರದು. ಅಷ್ಟೇ ನನಗೆ ಬೇಕಾಗಿರೋದು."

ಮೊದಲ ದಿನದ ಜೋಡಿಗಳು ಹೇಗೋ ಗೆಳೆಯರ ಜೋಡಿಗಳೇ ಆಗಿದ್ದವು. ನನಗೂ ಗೆಳೆಯನಿಗೂ ಮೊದಲನೇ ಓಣಿ ಬಂತು. ಜ್ವರ ಅಲ್ಲಿ ಕಡಿಮೆ. ಎರಡನೆಯ ದಿನ ಬೆಳಿಗ್ಗೆ ಪಟ್ಟಿಯ ಪ್ರಕಾರ ನಾನು ಇನ್ನೊಬ್ಬನ ಜೊತೆ, ಹೆಣ ಏಳುತ್ತಿದ್ದ ಓಣಿಗೆ ಹೋಗಬೇಕಿತ್ತು. ಗಂಜಿ ಬೇಯುತ್ತಿದ್ದ ಕಡೆ ಆರೂ ಜನ ಸೇರಿದ್ದೆವು. ಗೆಳೆಯ ನನ್ನ ತೋಳು ಹಿಡಿದು, "ಇಲ್ಲೇ ಇರೋಣ ಕಣೋ. ನೀನಿದ್ರೆ ನನಗೆ ಧೈರ್ಯ. ಯಾರು ಕೇಳ್ತಾರೆ?" ಎಂದ. ಉಳಿದ ಎರಡು ಜೋಡಿಗಳಿಗೂ ಒಟ್ಟಿಗೇ ಇರುವುದೇ ಬೇಕಿತ್ತು. ಯಾರೂ ಬೇಡ ಎನ್ನಲಿಲ್ಲ. ಮೂರು ದಿನವೂ ನಾವು ಅದೇ ಜೋಡಿ, ಅದೇ ಓಣಿ. ಸಂಜೆ ಮೇಷ್ಟ್ರು "ಎಲ್ಲ ಬಾಗಿಲೂ ಆಯ್ತಾ?" ಎಂದು ಕೇಳುವರು. "ಆಯ್ತು ಸಾರ್," ಎನ್ನುತ್ತಿದ್ದೆವು.

ನಾಲ್ಕನೆಯ ದಿನ ಗೆಳೆಯನಿಗೆ ಜ್ವರ ಬಂತು. ಒಬ್ಬ ಕಡಿಮೆಯಾಗಿ ಅಂದಿನ ಪಟ್ಟಿ ಕೆಟ್ಟಿತು; ಮೇಷ್ಟ್ರೇ ನನ್ನನ್ನು ಕರೆದುಕೊಂಡು ಮೊದಲನೇ ಓಣಿಗೆ ಬಂದರು. ಓಣಿಯ ನಡುವೆ ಒಂದು ಮನೆಗೆ ಬೀಗ ಹಾಕಿತ್ತು. ನಾನು ದಾಟಿ ಮುಂದೆ ಹೋದೆ. ಅವರು ನಿಂತರು.

"ಇದು?"

"ಖಾಲಿ ಸಾರ್. ಊರಿಗೆ ಹೋಗಿದ್ದಾರೆ."

"ಯಾರು ಹೇಳಿದ್ರು?"

"ಬೀಗ ಇದೆಯಲ್ಲ ಸಾರ್."

ಅವರು ಬೀಗ ನೋಡಿದರು. ಮನೆಯ ಪಕ್ಕದಲ್ಲಿ ಒಬ್ಬರು ಅಡ್ಡಡ್ಡವಾಗಿ ನುಗ್ಗುವಷ್ಟು ಒಂದು ಸಂದು ಇತ್ತು. ಕೊಡೆಯನ್ನು ಗೋಡೆಗೆ ಒರಗಿಸಿ ಆ ಸಂದಿನಲ್ಲಿ ಹೋದರು. ಹಿಂದೆ ಒಂದು ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವರ ದನಿ: "ನೀರು ತಗೊಂಡು ಬಾ."

ಮುಂದಿನ ಭಾಗದವರು ಊರಿಗೆ ಹೋಗಿದ್ದುದು ನಿಜ. ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬ ಹೆಂಡತಿಯ ಜೊತೆ ಬಾಡಿಗೆಗಿದ್ದ. ಅವನಲ್ಲಿ ಉಸಿರು ಇತ್ತು. ಆಕೆ ಹೋಗಿಬಿಟ್ಟಿದ್ದಳು. ಬಹಳ ಹೊತ್ತಾಗಿರಲಿಲ್ಲ, ಮೈ ಇನ್ನೂ ತಣ್ಣಗಾಗಿಲ್ಲ ಎಂದರು ಮೇಷ್ಟ್ರು.

ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಮೇಷ್ಟ್ರು ಎದುರು ಮನೆಯ ಕಟ್ಟೆಯ ಮೇಲೆ ಕೂತು ಕೇಳಿದರು. "ಹಿಂದಿನ ಮೂರು ದಿನ ಇಲ್ಲಿಗೆ ಯಾರು ಬಂದಿದ್ರು?"

ನಾನು ಹೇಳಬಹುದಿತ್ತು. "ಪಟ್ಟೀಲಿ ಇದ್ದ ಹಾಗೇ ಸಾರ್," ಎಂದೆ.

"ಆರು ಜನಾನೂ? ಆರು ಜನಾನೂ ಬೀಗ ನೋಡಿ ಹೋದ್ರಾ?"

"ಹೂಂ ಸಾರ್."

ಅವರು ತಲೆ ತಗ್ಗಿಸಿದರು. "ಹಾಗಾದ್ರೆ ನನ್ನ ಪಟ್ಟೀಲೇ ಏನೋ ತಪ್ಪಿದೆ," ಎಂದರು.

ನನ್ನ ಗೆಳೆಯ ಬದುಕಿಕೊಂಡ, ಮೈಸೂರಿನಲ್ಲಿ ಕೆಲಸ ಸಿಕ್ಕಿ ಹೋದ. ಉಳಿದವರೂ ಬಾಯಿ ಬಿಡಲಿಲ್ಲ. ಮೇಷ್ಟ್ರು ಮಾತ್ರ ಆ ಓಣಿಯಿಂದ ಹೊರಗೆ ಬರಲಿಲ್ಲ. ಶಾಲೆ ಮತ್ತೆ ಶುರುವಾದಾಗ ಎಣಿಕೆಯ ಪಾಠವನ್ನು ಸೂತ್ರ ಬರೆಸಿ ಎರಡು ದಿನಕ್ಕೆ ಮುಗಿಸಿದರಂತೆ. ಹೋಳಿಗೆಯ ಊಟವೂ ಇಲ್ಲ, ಹಾರವೂ ಇಲ್ಲ. ಶಾಲೆಯ ಹಬ್ಬಕ್ಕೆ ಯಾರು ಯಾವ ಕೆಲಸ ಎಂದು ಪಟ್ಟಿ ಮಾಡಿಕೊಡಿ ಎಂದು ಹೆಡ್ಮಾಸ್ಟರು ಕೇಳಿದಾಗ, "ನಾನು ಮಾಡಿದ ಪಟ್ಟಿ ನಂಬಬೇಡಿ ಸ್ವಾಮಿ," ಎಂದು ಬಿಟ್ಟರಂತೆ. ರಟ್ಟಿನವನು ಚೇತರಿಸಿಕೊಂಡು ಚಾಮರಾಜಪೇಟೆಯಲ್ಲೇ ಅಂಗಡಿ ಇಟ್ಟುಕೊಂಡಿದ್ದ. ಅವನ ಎದುರು ಹಾಯಲಾರದೆ ಮೇಷ್ಟ್ರು ಶಾಲೆಗೆ ಸುತ್ತುಬಳಸಿನ ದಾರಿ ಹಿಡಿದರು.

ಯುಗಾದಿಗೆ, ದೀಪಾವಳಿಗೆ ನಾನು ನಮಸ್ಕಾರ ಮಾಡಲು ಹೋದಾಗಲೆಲ್ಲ ಹಳೆಯ ಕಾಗದ ಹೊರಗೆ ಬರುತ್ತಿತ್ತು.

"ನೋಡಯ್ಯ, ಹದಿನೈದು ಜೋಡಿ, ಒಂದೂ ಎರಡು ಸಲ ಬಂದಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಎಣಿಕೆ ಸರಿ ಇದೆ. ಮೂರು ದಿನ, ಮೂರು ಜೋಡಿ ಹೊಸ ಕಣ್ಣು. ಮೂರೂ ಜೋಡಿ ಒಂದೇ ಥರ ಯಾಕೆ ತಪ್ಪಿದ್ರು? ಹೊಸ ಕಣ್ಣು ಅನ್ನೋದೇ ನನ್ನ ಭ್ರಮೆಯೇನೋ. ನನ್ನ ಭ್ರಮೇನ ನಂಬಿ ಆಕೆ ಹೋದಳು."

ನಾನು ಕಾಗದ ನೋಡಿದಂತೆ ಮಾಡುತ್ತಿದ್ದೆ. ಮೇಷ್ಟ್ರ ಹೆಂಡತಿ ಒಮ್ಮೆ ಬಾಗಿಲವರೆಗೆ ಬಂದು, "ನೀನಾದ್ರೂ ಹೇಳಪ್ಪ ಇವರಿಗೆ. ಊಟಕ್ಕೆ ಕೂತಾಗಲೂ ಅದೇ," ಎಂದರು. "ಹೇಳ್ತೀನಮ್ಮ," ಎಂದೆ. ಎಂಟು ವರ್ಷ ಹೇಳಲಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ.

ಈ ವರ್ಷ ಅವರ ಎದೆಗೆ ನೋವು ಬಂತು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿ ಒಂದು ಭಾನುವಾರ ಬೆಳಿಗ್ಗೆ ಹೋದೆ. ನಡುಮನೆಯ ಕಿಟಕಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು. ಕೂತು, ತಲೆ ಎತ್ತದೆ, ಎಲ್ಲ ಹೇಳಿದೆ. ಎರಡನೆಯ ದಿನ ಪಟ್ಟಿ ಮುರಿದದ್ದು, ಮೂರು ದಿನವೂ ನಾವಿಬ್ಬರೇ ಹೋದದ್ದು, ಕಟ್ಟೆಯ ಮೇಲೆ ಸುಳ್ಳು ಹೇಳಿದ್ದು.

ಮೊದಲು ಅವರಿಗೆ ಅರ್ಥವಾಗಲಿಲ್ಲ. "ಇಬ್ಬರೇನಾ? ಮೂರು ದಿನಾನೂ?" ಎಂದು ಎರಡು ಸಲ ಕೇಳಿದರು. ಆಮೇಲೆ ಅವರ ಮುಖದ ಮೇಲೆ ಬಂದದ್ದನ್ನು ನಾನು ಮರೆಯಲಾರೆ. ಅದು ಕೋಪವಾಗಿದ್ದರೆ ಒಳ್ಳೆಯದಿತ್ತು. ಅವರ ಕಣ್ಣುಗಳು ಅರಳಿದವು.

"ಹಾಗಾದ್ರೆ ಪಟ್ಟಿ ಸರಿ ಇತ್ತು," ಎಂದರು. "ಸರಿ ಇತ್ತು ಕಣೇ," ಎಂದು ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೂ ಹೇಳಿದರು.

ಆಕೆ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅವರ ಮುಖ ಬದಲಾಗಿತ್ತು. ಗೋಡೆಯ ಕಡೆ ತಿರುಗಿಕೊಂಡರು. ಬೆನ್ನು ಅಲುಗುತ್ತಿತ್ತು. "ಒಂದು ಜೀವ ಹೋಗಿದೆ. ಲೆಕ್ಕ ಸರಿ ಅಂತ ನಾನು ಖುಷಿ ಪಟ್ಟೆ ನೋಡು," ಎಂದರು. "ಥೂ."

ಸ್ವಲ್ಪ ಹೊತ್ತಿನ ಮೇಲೆ, ಈ ಕಡೆ ತಿರುಗದೆಯೇ ಹೇಳಿದರು: "ನನಗೆ ಹೇಳಿದ್ದು ಸಾಲದು. ಆ ರಟ್ಟಿನವನಿಗೆ ಹೋಗಿ ಹೇಳು. ಅವನ ಹತ್ತಿರ ಹೋಗೋಕೆ ನನಗೆ ಈ ಎಂಟು ವರ್ಷ ಮುಖ ಇರಲಿಲ್ಲ. ನೀನಾದ್ರೂ ಹೋಗು."

ನಾಳೆ ಹೋಗುತ್ತೇನೆ ಎಂದೆ. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಒಂಬತ್ತನೆಯ ದಿನ ಬೆಳಗಾಗುವ ಹೊತ್ತಿಗೆ ಮೇಷ್ಟ್ರು ಹೋದರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ವೈಕುಂಠ ಸಮಾರಾಧನೆಯ ದಿನ ಹಳೆಯ ವಿದ್ಯಾರ್ಥಿಗಳು ಪಂಕ್ತಿಯಲ್ಲಿ ಕೂತು ಹೂವಾಡಗಿತ್ತಿಯ ಕಥೆ ಹೇಳಿ ನಕ್ಕರು, ಕಣ್ಣು ಒರೆಸಿಕೊಂಡರು. ನಾನು ಎಲೆ ಮಡಿಸಿ ಎದ್ದವನು ನೇರ ಚಾಮರಾಜಪೇಟೆಗೆ ನಡೆದೆ.

ರಟ್ಟಿನವನು ಅಂಗಡಿಯಲ್ಲಿ ನೆಲದ ಮೇಲೆ ಕೂತು ದಪ್ಪ ಪುಸ್ತಕವೊಂದಕ್ಕೆ ಹೊಲಿಗೆ ಹಾಕುತ್ತಿದ್ದ. ನಾನು ಯಾರೆಂದು ಹೇಳಿದೆ. ಮೇಷ್ಟ್ರು ಹೋದದ್ದು ಹೇಳಿದೆ. "ಕೇಳ್ದೆ. ದೇವರಂಥವರು, ನನ್ನ ಎತ್ತಿಕೊಂಡು ಹೋದ್ರು," ಎಂದ. ಆಮೇಲೆ ಪಟ್ಟಿಯ ವಿಷಯ ಹೇಳಿದೆ. ಅವನು ಸೂಜಿ ನಿಲ್ಲಿಸಲಿಲ್ಲ.

"ಗೊತ್ತು ಸ್ವಾಮಿ, ಅದೇ ಇಬ್ರು ಅಂತ," ಎಂದ. "ಹೆಜ್ಜೆ ಸದ್ದು ಕೇಳ್ತಿತ್ತಲ್ಲ. ಮೂರು ದಿನಾನೂ ಅದೇ ಎರಡು ದನಿ, ಮಾತಾಡ್ಕೊಂಡು ಹೋಗ್ತಿದ್ರಿ. ಕೂಗೋಣ ಅಂದ್ರೆ ನನಗೆ ಗಂಟಲಿಲ್ಲ. ಚೊಂಬು ಬಡಿಯೋಣ ಅಂದ್ರೆ ಕೈ ಏಳ್ಲಿಲ್ಲ."

ಅವನು ದಾರವನ್ನು ಹಲ್ಲಿನಿಂದ ಕಡಿದು, ಗಂಟು ಹಾಕಿ, ಪುಸ್ತಕವನ್ನು ಪಕ್ಕಕ್ಕಿಟ್ಟ.

"ಅವಳಿಗೆ ಕೊನೇವರೆಗೂ ತಿಳಿವಳಿಕೆ ಇತ್ತು. ನೀವು ಮೂರನೇ ದಿನ ದಾಟಿ ಹೋದ್ಮೇಲೆ ಇದ್ದಷ್ಟು ಉಸಿರಲ್ಲೇ ನನಗೆ ಸಮಾಧಾನ ಹೇಳಿದ್ಲು, ಇವ್ರಿಬ್ರು ನಿಲ್ಲಲ್ಲ ಬಿಡಿ, ನಾಳೆ ಬೇರೆಯವರು ಬರಬೋದು ಅಂತ."

ಪಟ್ಟಿಯಲ್ಲಿ ಎರಡನೆಯ ದಿನವೇ ಬೇರೆಯವರಿದ್ದರು.